ಕಣದಲ್ಲಿ ಕೂಡಿಟ್ಟ ಪಿಂಚಣಿ

ಖಜಾನೆಯ ಮುಂದೆ ಪಿಂಚಣಿಗೆಂದು ಸಾಲು ನಿಂತ ನಿವೃತ್ತರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹಣಕ್ಕಾಗಿ ಅಲ್ಲ ಎಂದರೆ ನೀವು ನಂಬುವುದಿಲ್ಲ, ನಂಬಲೂ ಬೇಡಿ. ಆದರೆ ಇನ್ನೊಂದು ಕಾರಣವೂ ಉಂಟು. ಅವರು ಬದುಕಿದ್ದಾರೋ ಇಲ್ಲವೋ ಎಂದು ಸರ್ಕಾರ ಆಗಾಗ ವಿಚಾರಿಸುತ್ತದೆ. ದಾವಣಗೆರೆಯಲ್ಲಿ ಸಣ್ಣದೊಂದು ಅಚ್ಚುಕೂಟ ಇಟ್ಟುಕೊಂಡು ಊರವರ ಲಗ್ನಪತ್ರಿಕೆ, ತಿಥಿ ಕಾರ್ಡು ಅಚ್ಚು ಹಾಕುವ ನನ್ನನ್ನು ಯಾರು ವಿಚಾರಿಸಬೇಕು? ನಾನು ಸತ್ತರೆ ನನ್ನ ಕಾರ್ಡನ್ನು ಎದುರಿನ ಅಚ್ಚುಕೂಟದವನು ಹಾಕಿಯಾನು, ಅದೂ ಮುಂಗಡ ತೆಗೆದುಕೊಂಡು.

ಸ್ವಂತ ಕಸುಬಿನವನು ತನ್ನ ಪಿಂಚಣಿಯನ್ನು ತಾನೇ ಹುಟ್ಟಿಸಿಕೊಳ್ಳಬೇಕು. ಹಾಗೆ ಹುಟ್ಟಿಸಿಕೊಂಡವನೊಬ್ಬನನ್ನು ಕಂಡಿದ್ದೇನೆ. ನನ್ನ ಪಕ್ಕದಲ್ಲೇ ಕ್ಷೌರದ ಅಂಗಡಿ ಇಟ್ಟಿದ್ದ ಹನುಮಂತಪ್ಪ. ಹುಟ್ಟೂರು ಹರಿಹರದಾಚೆಯ ಕೊಕ್ಕನೂರು.

ನಮ್ಮ ಹಿರಿಯರು ಪಿಂಚಣಿ ಕಂಡವರಲ್ಲ, ಅವರಿಗೆ ಗೊತ್ತಿದ್ದುದು ಆಯ. ವರ್ಷವಿಡೀ ಕ್ಷೌರ ಮಾಡಿದವನಿಗೆ, ನೇಗಿಲು ಕಟ್ಟಿಕೊಟ್ಟವನಿಗೆ, ಸುಗ್ಗಿಯಲ್ಲಿ ಕಣದಿಂದಲೇ ಕಾಳು ಅಳೆದು ಕೊಡುವುದು. ಅದು ಅವರ ಹಕ್ಕು. ರಾಶಿ ಮನೆ ಸೇರುವ ಮುಂಚೆ ಆಯ ಹೋಗಬೇಕು.

ಪಟ್ಟಣಕ್ಕೆ ಬಂದಮೇಲೂ ಹನುಮಂತಪ್ಪ ಸೋಮವಾರ ಅಂಗಡಿ ಮುಚ್ಚಿ ಕೊಕ್ಕನೂರಿಗೆ ಹೋಗುತ್ತಿದ್ದ. ಅಂದು ಬಸವನ ವಾರ, ಎತ್ತು ಹೂಡುವುದಿಲ್ಲ, ಗಂಡಸರು ಮನೆಯಲ್ಲಿ ಸಿಗುತ್ತಾರೆ. ಹರಿಹರದವರೆಗೆ ರೈಲು, ಅಲ್ಲಿಂದ ಸಿಕ್ಕ ಗಾಡಿ. ಗಡ್ಡ ತಲೆ ಎಲ್ಲ ಮಾಡಿ, ಆಯ ಮಾತ್ರ ಮುಟ್ಟುತ್ತಿರಲಿಲ್ಲ. ಈಗ ಬ್ಯಾಡ್ರಿ, ಕೈ ನಡುಗಾಕ ಹತ್ತಿದಾಗ ಕೊಡ್ರಿ ಎಂದು ಊರ ಹಿರಿಯರಿಗೆ ಹೇಳಿದ್ದನಂತೆ. ಅವರು ಸಂತೋಷದಿಂದ ಒಪ್ಪಿದ್ದರು. ಈಗ ಕೊಡಬೇಡಿ ಎನ್ನುವ ಮಾತಿಗೆ ಲೋಕದಲ್ಲಿ ಯಾರೂ ತಕರಾರು ಮಾಡಿದ್ದಿಲ್ಲ.

“ಮುಪ್ಪಿಗೆ ನಿಮ್ಗೇನೈತ್ರಿ? ಸೀಸದ ಅಕ್ಷರ ಬೇಯಿಸ್ಕೊಂಡು ತಿಂತೀರೇನು?” ಎಂದು ನನ್ನನ್ನು ಕೆಣಕುತ್ತಿದ್ದ.

ಕೊನೆಗೆ ಕೈ ನಡುಗಿತು. ಗಿರಾಕಿಯೊಬ್ಬರ ಕಿವಿಯ ಬಳಿ ರಕ್ತ ಬಂದ ದಿನವೇ ಅಂಗಡಿ ಬಿಟ್ಟುಕೊಟ್ಟ. ಮನೆಯಲ್ಲಿ ಹೆಂಡತಿ ಹಾಸಿಗೆ ಹಿಡಿದಿದ್ದಳು. ಆ ಸುಗ್ಗಿಗೆ ಖಾಲಿ ಚೀಲ ಹಿಡಿದು ಹೊರಟ. ಬರುವಾಗ ಹೊರಲು ಒಬ್ಬರಿರಲಿ ಎಂದು ನನ್ನನ್ನೂ ಕರೆದ.

ಮಾತು ಕೊಟ್ಟ ಹಿರಿಯರು ಆಗಲೇ ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೌಡರು ಹೋದರೂ ಗೌಡರ ಮಾತು ಮನೆಯಲ್ಲಿರುತ್ತದೆ ಎಂದು ನಂಬಿದ್ದ. ಮೊದಲ ಕಣದಲ್ಲಿ ರಾಶಿಯ ಮುಂದೆ ನಿಂತಿದ್ದವನು ಮಾತು ಕೊಟ್ಟವರಲ್ಲೊಬ್ಬರಾದ ಬಸಪ್ಪಗೌಡರ ಮಗ ವೀರಣ್ಣ, ಹರಿಹರದ ಸಲೂನಿನಲ್ಲಿ ಕ್ರಾಪು ಮಾಡಿಸಿಕೊಂಡ ತಲೆ. ಹನುಮಂತಪ್ಪ ಹಳೆಯ ಮಾತನ್ನೆಲ್ಲ ಹೇಳಿದ. ಅಪ್ಪ ತನಗೇನೂ ತಿಳಿಸಿಲ್ಲವೆಂದ ವೀರಣ್ಣ. ಹುಡುಗ ಕೆಟ್ಟವನಲ್ಲ, ಮೊರದ ತುಂಬ ಜೋಳ ತುಂಬಿಕೊಂಡು ಬಂದ.

“ತಗ ಅಜ್ಜ, ದಾನ ಅಂತ ಕೊಡ್ತೀನಿ.”

ಹನುಮಂತಪ್ಪ ಚೀಲದ ಬಾಯಿ ಬಿಗಿಹಿಡಿದ. “ಆಯ ಅನ್ರಿ ಗೌಡ್ರೆ. ಅರ್ಧ ಮೊರ ಕೊಟ್ರೂ ಸಾಕು.”

“ಆಯ ಅಂದ್ರೆ ಬರೋ ವರ್ಷನೂ ಕೊಡಬೇಕಾಗ್ತೈತೆ.”

ಪಿಂಚಣಿ ಎಂದರೇನೆಂದು ಇಷ್ಟು ಚಿಕ್ಕದಾಗಿ ಯಾವ ಸರ್ಕಾರಿ ಆದೇಶವೂ ಹೇಳಿರಲಾರದು. ಹನುಮಂತಪ್ಪನಿಗೆ ಮನೆಯಲ್ಲಿ ಮಲಗಿದವಳು ನೆನಪಾಗಿರಬೇಕು. ಚೀಲ ಬಿಚ್ಚಿದ.

“ಹಂಗಾದ್ರೆ ಹೆಸರು ಹೇಳಬ್ಯಾಡ್ರಿ. ಸುಮ್ನ ಸುರೀರಿ.”

ವೀರಣ್ಣ ಸುಮ್ಮನೆ ಸುರಿದ. ಉಳಿದ ಕಣಗಳ ಕಡೆ ನಾವು ಹೋಗಲಿಲ್ಲ. ಚೀಲ ಹೊರಲು ಇಬ್ಬರು ಬೇಕಾಗಿರಲಿಲ್ಲ.

ರೈಲಿನಲ್ಲಿ ಅವನು ಯಾರನ್ನೂ ಬೈಯಲಿಲ್ಲ. “ತಪ್ಪು ನಂದೇ. ನನಗಿಂತ ವಯಸ್ಸಾದೋರ ಹತ್ರ ಮಾತು ತಗೊಂಡೆ,” ಎಂದ.

ಮರುವಾರ ವಿಮೆಯ ಏಜೆಂಟರೊಬ್ಬರು ಅಚ್ಚುಕೂಟಕ್ಕೆ ಬಂದು, ಈಗ ಕಟ್ಟುತ್ತ ಹೋದರೆ ಮುಪ್ಪಿನಲ್ಲಿ ಹೇಗೆ ಕೈಗೆ ಬರುತ್ತದೆಂದು ಬಿಡಿಸಿ ಹೇಳಿದರು. ನನಗೇನಾದರೂ ತೊಡಕಾದರೆ ಖುದ್ದು ತಾವೇ ನಿಂತು ಕೊಡಿಸುವುದಾಗಿ ಎದೆ ಮುಟ್ಟಿಕೊಂಡು ಮಾತು ಕೊಟ್ಟರು. ನಾನು ಅವರ ವಯಸ್ಸು ಕೇಳಿದೆ. ಐವತ್ತೆಂಟು ಎಂದರು, ನನಗಿಂತ ಹಿರಿಯರು.

“ಮಗ ಇದ್ರೆ ಕಳಿಸ್ರಿ,” ಎಂದೆ.