ಅಂಗಡಿಗೆ ಹೋಗದೆ ಹಾಕಿದ ಅರ್ಜಿ

ನನಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಯ್ಯೋ ಪಾಪ ಅನ್ನುವವರು ಈಗಲೇ ಅಂದು ಮುಗಿಸಲಿ. ಹಡಗಲಿಯ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತೇನೆ. ಹೊಳಲಿನಲ್ಲಿ ಅಣ್ಣನ ಮನೆಯಲ್ಲಿದ್ದು ದಿನಾ ಬಸ್ಸಿಗೆ ಓಡಾಡುತ್ತಿದ್ದೆ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನು ಈ ಅಣ್ಣ.

ಹಡಗಲಿಯಲ್ಲೇ ನನ್ನದೊಂದು ಪುಟ್ಟ ಮನೆ ಬೇಕು ಅನ್ನಿಸತೊಡಗಿತ್ತು. ಅಂಗವಿಕಲರಿಗೆ ಸರ್ಕಾರ ಮನೆ ಕೊಡುತ್ತದೆ, ಜಾಲತಾಣದಲ್ಲಿ ಅರ್ಜಿ ಹಾಕಬೇಕು ಅಂತ ಶಾಲೆಯಲ್ಲಿ ಯಾರೋ ಹೇಳಿದ್ದರು. ಅಣ್ಣನಿಗೆ ಮೊದಲೇ ಹೇಳಿದರೆ ಅವನು ಬೇಡ ಅನ್ನುತ್ತಾನೆ, ನಾನು ಹೂಂ ಅನ್ನುತ್ತೇನೆ, ಅಲ್ಲಿಗೆ ಕಥೆ ಮುಗಿಯುತ್ತದೆ. ಆದ್ದರಿಂದ ಅರ್ಜಿ ಹಾಕಿ ಆಮೇಲೆ ಹೇಳಬೇಕು. ಆದರೆ ಅದು ಅವನಿಗೆ ನನ್ನ ಬಾಯಿಂದಲೇ ತಿಳಿಯಬೇಕು. ಊರಿನವರ ಬಾಯಿಂದ ತಿಳಿದರೆ ನಾನು ಅಣ್ಣನನ್ನು ಕಳೆದುಕೊಂಡ ಹಾಗೆಯೇ.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೊಮ್ಮೆ ಹಡಗಲಿ ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ಮಾಸಾಶನಕ್ಕೆ ಅರ್ಜಿ ಹಾಕಿಸಿದ್ದೆ. ಅಂಗಡಿಯವನು ಒಳ್ಳೆಯವನೇ, ಆದರೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ.

"ಅಕ್ಕಾರ, ಮದುವಿ ಆಗೇತೇನ್ರಿ? ಯಾರ ಮನ್ಯಾಗ ಅದೀರಿ? ಅವರು ನೋಡ್ಕೊಳ್ಳೂದಿಲ್ಲೇನ್ರಿ?"

ಸರದಿಯಲ್ಲಿದ್ದವರೆಲ್ಲ ಕಿವಿಗೊಟ್ಟರು. ನಾನು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. "ನಾ ನಿನಗ ಅನ್ನ ಹಾಕಿಲ್ಲೇನು?" ಅಂದ ಅಣ್ಣ ಆಮೇಲೆ ಬಹಳ ದಿನ ಊಟಕ್ಕೆ ಕರೆಯುವುದೊಂದು ಬಿಟ್ಟು ಬೇರೆ ಮಾತಾಡಲಿಲ್ಲ. ಸಾಲದ್ದಕ್ಕೆ ಆ ಅಂಗಡಿಯವನು, ನನಗೆ ತ್ರಾಸಾಗದಿರಲಿ ಅಂತ, ಅರ್ಜಿಯಲ್ಲಿ ತನ್ನದೇ ಮೊಬೈಲ್ ನಂಬರ್ ಹಾಕಿದ್ದ. ಒಟಿಪಿ ಎಲ್ಲಾ ಅವನಿಗೇ ಬರುತ್ತಿತ್ತು. ನನ್ನ ಬದುಕಿನ ಬೀಗದಕೈ ಅವನ ಜೇಬಿನಲ್ಲಿತ್ತು.

ಈ ಸಲ ನಾನೇ ಹಾಕುತ್ತೇನೆ ಅಂತ ಹಟ ಹಿಡಿದೆ. ನನ್ನ ಫೋನ್ ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುತ್ತದೆ. ಜಾಲತಾಣ ತೆರೆದರೆ ಅದು ಓದಿದ್ದು ಇಷ್ಟು: "ಬಟನ್. ಬಟನ್. ಚಿತ್ರ. ಬಟನ್." ಯಾವ ಬಟನ್ ಯಾತಕ್ಕೆ ಅಂತ ಆ ದೇವರೇ ಬಲ್ಲ. ಕೊನೆಗೆ ಒಂದು ಅಪ್ಪಣೆ: ಚಿತ್ರದಲ್ಲಿ ಕಾಣುವ ಅಕ್ಷರ ಬರೆದು ನೀವು ಮನುಷ್ಯರೆಂದು ತೋರಿಸಿ. ನಾನು ಮನುಷ್ಯಳು ಅನ್ನುವುದಕ್ಕೆ ಕಣ್ಣೇ ಸಾಕ್ಷಿಯಂತೆ! ಮೈಯೆಲ್ಲ ಉರಿದುಹೋಯಿತು.

ತಾಲ್ಲೂಕು ಕಚೇರಿಯಲ್ಲಿ ಅಹವಾಲು ಕೇಳುವ ಸಭೆ ಇತ್ತು. ಹೋಗಿ ಮೈಕಿನ ಮುಂದೆ ಫೋನ್ ಹಿಡಿದೆ. "ಬಟನ್, ಬಟನ್" ಅಂತ ಅದು ಸಭೆಗೆಲ್ಲ ಕೂಗಿತು. ಜನ ನಕ್ಕರು. ಯಾವ ಅರ್ಜಿ ಅಂತ ಮಾತ್ರ ನಾನು ಬಾಯಿ ಬಿಡಲಿಲ್ಲ. "ಮ್ಯಾಲಿನವರಿಗೆ ಬರೀತೀವ್ರಿ" ಅಂದ ಸಾಹೇಬರು ನನ್ನ ನಂಬರ್ ಬರೆದುಕೊಂಡರು. ಆಯಿತು, ಇನ್ನು ಮುಗಿಯಿತು ಅಂದುಕೊಂಡು ಬಸ್ಸು ಹತ್ತಿದೆ.

ಮುಗಿದಿರಲಿಲ್ಲ. ಕೆಲವು ದಿನಗಳ ಮೇಲೆ ಜಾಲತಾಣ ಮಾಡುವ ತಂಡದ ಹುಡುಗಿಯೊಬ್ಬಳು ಫೋನ್ ಮಾಡಿದಳು. ಮಾತು ಹರಪನಹಳ್ಳಿ ಕಡೆಯದು. "ಮೇಡಂ, ಎಲ್ಲದಕ್ಕೂ ಹೆಸರು ಹಾಕಿದೀನಿ, ಒಮ್ಮೆ ನೋಡಿ ಹೇಳ್ರಿ" ಅಂದಳು. ತೆರೆದೆ. "ನಗುತ್ತಿರುವ ರೈತನ ಚಿತ್ರ. ನಗುತ್ತಿರುವ ಮಹಿಳೆಯ ಚಿತ್ರ. ಮಾವಿನ ತೋರಣದ ಚಿತ್ರ. ಎಡಗಡೆ ನೀಲಿ ಗೆರೆ. ಬಲಗಡೆ ನೀಲಿ ಗೆರೆ." ನಗುವವರನ್ನೆಲ್ಲ ದಾಟಿ ಅರ್ಜಿಗೆ ಬರುವಷ್ಟರಲ್ಲಿ "ಸಮಯ ಮುಗಿದಿದೆ" ಅಂತು ಫೋನ್.

"ಯವ್ವಾ, ದಾರಿ ತೋರ್ಸು ಅಂದ್ರ ಗ್ವಾಡಿ ಬಣ್ಣ ಹೇಳಾಕತ್ತಿಯಲ್ಲ! ಆ ರೈತ ನಕ್ಕೋತ ಇರ್ಲಿ ಬಿಡು, ನನಗ್ಯಾಕ ಹೇಳ್ತಿ?" ಅಂದೆ.

ಅವಳು ಬಿದ್ದು ಬಿದ್ದು ನಕ್ಕಳು. ಆದರೆ ಹುಡುಗಿ ಚುರುಕು. ಅಲಂಕಾರವನ್ನೆಲ್ಲ ಮೌನವಾಗಿಸಿದಳು, ಬಟನ್‌ಗಳಿಗೆ ಕೆಲಸದ ಹೆಸರಿಟ್ಟಳು, ಚಿತ್ರದ ಅಕ್ಷರ ತೆಗೆದು ಕಿವಿಗೆ ಕೇಳುವ ಅಂಕಿ ತಂದಳು, ಸಮಯ ಹೆಚ್ಚಿಸಿದಳು. ಪ್ರತಿ ಸಲವೂ ನನ್ನಿಂದ ಬೈಸಿಕೊಂಡಳು.

ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಖಾಲಿ ಕೋಣೆಯಲ್ಲಿ ಕೂತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ. ನನ್ನ ನಂಬರ್ ಹಾಕಿ ಹೊಸ ಖಾತೆ ತೆರೆದೆ. ಒಟಿಪಿ ನನ್ನ ಫೋನಿಗೇ ಬಂತು. ಮದುವೆ ಆಗಿದೆಯೇ ಅಂತ ಜಾಲತಾಣವೂ ಕೇಳಿತು, ಆದರೆ ನನ್ನೊಬ್ಬಳನ್ನೇ ಕೇಳಿತು. "ನಿಮ್ಮ ಅರ್ಜಿ ಸ್ವೀಕರಿಸಲಾಗಿದೆ" ಅಂದಾಗ ಎದೆಯ ಮೇಲಿನ ಕಲ್ಲು ಇಳಿಯಿತು. ಮಕ್ಕಳ ಬೆಂಚಿನ ಮೇಲೆ ಕೂತು ಕಣ್ಣೀರು ಒರೆಸಿಕೊಂಡೆ. ಅಳಲಿಕ್ಕಾದರೂ ಈ ಕಣ್ಣುಗಳು ಕೆಲಸಕ್ಕೆ ಬರುತ್ತವಲ್ಲ.

ಮನೆಗೆ ಬಂದಾಗ ಅಣ್ಣ ಕಟ್ಟೆಯ ಮೇಲಿದ್ದ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. "ಏನಂದಿ?" ಅಂದ. ಸಿಟ್ಟಿಗೆ ಹಾಗಂದ ಅಂದುಕೊಂಡೆ, ಆದರೂ ಮತ್ತೊಮ್ಮೆ ಹೇಳಿದೆ.

"ಯಾರ ಕಡಿಂದ ಹಾಕಿಸ್ದಿ?"

"ಯಾರ ಕಡಿಂದನೂ ಇಲ್ಲಣ್ಣ. ನಾನ ಹಾಕೀನಿ. ನಿನಗ ಮೊದಲು ಹೇಳಾಕತ್ತೀನಿ."

"ಆ ಅಂಗಡ್ಯಾವಗ ಗೊತ್ತಿಲ್ಲ?"

"ಯಾರಿಗೂ ಗೊತ್ತಿಲ್ಲ."

ಅವನು ಸರಿದು ಹತ್ತಿರ ಬಂದ. ದನಿ ತಗ್ಗಿಸಿದ. "ಹಂಗಾದ್ರ ನಂದೂ ಒಂದು ಹಾಕಿಕೊಡು. ನನಗ ಕಿವಿ ಸರಿ ಕೇಳವಲ್ದು. ಮಷೀನ್ ಕೊಡ್ತಾರಂತ. ಆ ಅಂಗಡ್ಯಾಗ ನಿಂತು ಕೇಳಾಕ ನಾಚಿಕಿ ಆಗ್ತೈತಿ."

ನಾನು ಚೀಲದಿಂದ ಫೋನ್ ತೆಗೆದೆ. ಅವನ ಕಿವಿಗೆ ಬಾಯಿ ಹಚ್ಚಿ, ಪಕ್ಕದ ಮನೆಗೆ ಕೇಳಿಸದ ಹಾಗೆ, ಮೊದಲನೆಯ ಪ್ರಶ್ನೆ ಕೇಳಿದೆ.