ಹೊಳೆ ತಿರುವಿನ ದಿಬ್ಬ

ನಕ್ಷೆ ಕಚೇರಿಯಲ್ಲಿ ಅವನನ್ನು ಎಲ್ಲರೂ ಗೆರೆಯಪ್ಪ ಎಂದೇ ಕರೆಯುತ್ತಿದ್ದರು. ಹೊಳೆಯ ಅಂಕುಡೊಂಕು, ನೆಲದ ಏರುತಗ್ಗು ತೋರಿಸುವ ಗೆರೆಗಳೆಲ್ಲ ಅವನ ಕೈಯವು. ಪಕ್ಕದ ಮೇಜಿನಲ್ಲಿ ಕೂತು ಊರುಗಳ ಹೆಸರು ಬರೆಯುವವನು ಅವನ ಹೆಂಡತಿಯ ತಮ್ಮ. ಕೆಲಸ ಕೊಡಿಸಿದ್ದೂ ಗೆರೆಯಪ್ಪನೇ. ಕೈಯಾರೆ ತಂದುಕೊಂಡ ಹೊಟ್ಟೆಯುರಿ!

ಉರಿಗೆ ಕಾರಣವಿತ್ತು. ಗೆರೆಯ ಮೇಲೆ ಹೆಸರು ಬಂದರೆ ಓದಲಾಗದು. ಆದ್ದರಿಂದ ಹೆಸರು ಬೀಳುವಲ್ಲೆಲ್ಲ ಗೆರೆಯಪ್ಪ ತಾನೇ ಉಸಿರು ಬಿಗಿಹಿಡಿದು ಎಳೆದ ಗೆರೆಯನ್ನು ಬ್ಲೇಡಿನಿಂದ ಹೆರೆದು ಜಾಗ ಬಿಡಬೇಕಿತ್ತು. ಅಷ್ಟು ಮಾಡಿದರೂ ನಕ್ಷೆ ಕೊಳ್ಳಲು ಬಂದವರು ಬೆರಳಿಡುತ್ತಿದ್ದುದು ತಮ್ಮೂರ ಹೆಸರಿನ ಮೇಲೆ. "ಅಕ್ಷರ ಮುತ್ತಿನ ಹಾಗಿದೆ ಕಣ್ರೀ!" ಗೆರೆಯ ಸುದ್ದಿ ಯಾರೆತ್ತಬೇಕು? ಮನೆಯಲ್ಲಿ ಹೆಂಡತಿಗೂ ತಮ್ಮನದೇ ಜಪ.

ಹೊಸ ಹಾಳೆಯಲ್ಲಿ ಗೆರೆಯಪ್ಪ ಹಟಕ್ಕೆ ಬಿದ್ದ. ಹೊಳೆ ತಿರುಗುವಲ್ಲಿ ಅಂಗೈಯಂಥ ಬಯಲು, ಹೆಸರು ಬರೆಯಲು ಹೇಳಿ ಮಾಡಿಸಿದ ಜಾಗ. ಅಲ್ಲಿ ಇಲ್ಲದ ದಿಬ್ಬವೊಂದನ್ನು ಎಬ್ಬಿಸಿದ. ಗೆರೆಗೆ ಗೆರೆ ಅಂಟಿಸಿ ಸೂಜಿ ಊರಲೂ ಎಡೆಯಿಲ್ಲದಂತೆ ಮಾಡಿದ.

"ಭಾವ, ಇಲ್ಲೊಂದು ಊರಿದೆ. ಸ್ವಲ್ಪ ಹೆರೀತೀರಾ?"

"ದಿಬ್ಬ ಹೆರೆದ್ರೆ ನಕ್ಷೆ ಕೆಡುತ್ತೆ. ಸಣ್ಣ ಊರು ತಾನೆ, ಬಿಡು."

ಭಾವಮೈದ ಅವನ ಮುಖವನ್ನೊಮ್ಮೆ ನೋಡಿ ತನ್ನ ಮೇಜಿಗೆ ಮರಳಿದ. ಯಾವ ಊರು ಎಂದು ಕೇಳುವಷ್ಟು ವ್ಯವಧಾನವೂ ಗೆರೆಯಪ್ಪನಿಗಿರಲಿಲ್ಲ.

ಕರಡು ಹಾಳೆಯನ್ನು ಮನೆಗೆ ತಂದ ದಿನ ಭಾವಮೈದನೂ ಊಟಕ್ಕೆ ಬಂದಿದ್ದ. ಹೆಂಡತಿ ಹೊಳೆಯುದ್ದಕ್ಕೂ ಬೆರಳಾಡಿಸಿದಳು.

"ಇಲ್ಲೇ ಅಲ್ವಾ ಹೊಳೆ ತಿರುಗೋದು? ನಮ್ಮೂರೆಲ್ಲಿ ಹೋಯ್ತು?"

ತಾನು ದಿಬ್ಬದಡಿ ಹೂತದ್ದು ಹೆಂಡತಿಯ ತವರನ್ನೇ ಎಂದು ಗೆರೆಯಪ್ಪನಿಗೆ ಆಗ ಹೊಳೆಯಿತು. ಅವಳು ತಮ್ಮನ ಮೇಲೆ ಹರಿಹಾಯ್ದಳು. "ಹುಟ್ಟಿದೂರನ್ನೇ ಮರೆತ್ಯೇನೋ? ಅನ್ನ ತಿನ್ನೋ ಬಾಯೇನೋ ನಿಂದು?" ಹೇಳುತ್ತಾ ಕಣ್ಣೊರೆಸಿಕೊಂಡಳು.

"ತಪ್ಪಾಯ್ತಕ್ಕ," ಎಂದ ಅವನು. ಭಾವನ ಕಡೆ ತಿರುಗಿಯೂ ನೋಡಲಿಲ್ಲ.

ಮರುದಿನ ಗೆರೆಯಪ್ಪ ಯಾರಿಗೂ ಹೇಳದೆ ದಿಬ್ಬವನ್ನು ಬುಡಸಮೇತ ಹೆರೆದು ತೆಗೆದ. ಹೊಸ ಹಾಳೆ ಮನೆಗೆ ಬಂದಾಗ ಹೆಂಡತಿ ಊರಿನ ಹೆಸರನ್ನು ಮಗುವಿನ ಕೆನ್ನೆಯಂತೆ ಸವರಿದಳು.

"ನೋಡ್ರೀ, ನನ್ನ ತಮ್ಮನ ಅಕ್ಷರ!"

"ಭಾವ ಜಾಗ ಬಿಟ್ಟಿದ್ದಕ್ಕೇ ಬಂತಕ್ಕ," ಎಂದ ತಮ್ಮ.

ಹೆಂಡತಿ ಎಂದೂ ಇಲ್ಲದ ಅಕ್ಕರೆಯಿಂದ ಗಂಡನನ್ನು ನೋಡಿದಳು. ಬೈಗುಳವನ್ನು ತಾನೇ ನುಂಗಿ, ಹೊಗಳಿಕೆಯಲ್ಲಿ ಪಾಲು ಕೊಟ್ಟ ಭಾವಮೈದನ ಆ ಒಳ್ಳೆಯತನ ಕಂಡು ಗೆರೆಯಪ್ಪನಿಗೆ ಮುತ್ತಿನಂಥ ಅಕ್ಷರ ಕಂಡಾಗಲೂ ಉರಿಯದಷ್ಟು ಹೊಟ್ಟೆ ಉರಿಯಿತು.