ಭಂಡಾರ ಮುಟ್ಟದ ಗೋಲ್‌ಕೀಪರ್

ಗೋವೆಯ ಬಾಯ್ನಾ ಕಡಲತೀರದ ಯಮನೂರಪ್ಪನಿಗೆ ಫುಟ್‌ಬಾಲ್ ಎಂದರೆ ತಲೆನೋವು. ಅವನ ಚಹಾದಂಗಡಿಯ ಬೆನ್ನಿಗೇ ಆಟದ ಮರಳು. ಹಾಳು ಚೆಂಡು ಎಷ್ಟು ಸಲ ಹಾಲಿನ ಪಾತ್ರೆ ಉರುಳಿಸಿತ್ತೋ. ಆದರೂ ಆಟದಲ್ಲಿ ಜಗಳ ಬಿದ್ದರೆ ಬಂದರಿನ ಹಮಾಲರು ನ್ಯಾಯಕ್ಕೆ ಅವನನ್ನೇ ಹಿಡಿಯುತ್ತಿದ್ದರು. ಆಟವನ್ನೇ ನೋಡದವನಿಗೆ ಪಕ್ಷಪಾತ ಎಲ್ಲಿಂದ ಬರಬೇಕು ಹೇಳಿ.

ಎಂಬತ್ತೇಳರ ಚಳಿಗಾಲದಲ್ಲಿ ಫಿಲಿಪೀನ್ಸಿನ ಹಡಗಿನವರಿಗೂ ನಮ್ಮ ಹಮಾಲರಿಗೂ ಪಂದ್ಯ ನಡೆಯಿತು. ಎರಡು ಬಿದಿರು ನೆಟ್ಟದ್ದೇ ಗೋಲು, ಬಲೆಗಿಲೆ ಏನೂ ಇಲ್ಲ. ಕೊನೆಯ ಚೆಂಡು ಒಳಗೆ ಹೋಯಿತೆಂದು ಅವರು, ಹೊರಗೆ ಹೋಯಿತೆಂದು ಇವರು. ಚೆಂಡಂತೂ ಸಮುದ್ರ ಸೇರಿತ್ತು. ಎರಡೂ ಕಡೆಯವರು ತೋಳೇರಿಸಿಕೊಂಡು ಅಂಗಡಿಗೆ ಬಂದರು.

ಹಮಾಲರ ಗೋಲು ಕಾದವನು ಚಂದಪ್ಪ, ಯಮನೂರಪ್ಪನ ಹೆಂಡತಿ ಸುಂದರವ್ವನ ಮುದ್ದಿನ ತಮ್ಮ. ಆಕೆ ಗಂಡನಿಗೆ ಅಲ್ಲೇ ಹೇಳಿಬಿಟ್ಟಳು: "ನನ್ನ ತಮ್ಮನ ಮಾನ ಕಳದ್ರ ಇವತ್ತಿಂದ ರೊಟ್ಟಿ ಬಡಿಯೂದಿಲ್ಲ. ಪಾವ್ ತಿಂದ್ಕೊಂಡ ಇರ್ರಿ." ಸೆರಗು ಝಾಡಿಸಿ ಮನೆಗೆ ನಡೆದಳು.

ಗೋವೆಗೆ ಬಂದು ಎಷ್ಟು ವರ್ಷವಾದರೂ ಜೋಳದ ರೊಟ್ಟಿ ಇಲ್ಲದ್ದು ಯಮನೂರಪ್ಪನಿಗೆ ಊಟವೇ ಅಲ್ಲ. ಆದರೂ ಸ್ಟೋವ್ ಆರಿಸಿದ. ತೀರ್ಪು ಆಗುವವರೆಗೆ ಯಾವ ಕಡೆಯವರಿಗೂ ಚಹಾ ಇಲ್ಲ, ಅದು ಅವನ ಕಾನೂನು. ದೇವಿ ಎಲ್ಲವ್ವನ ಭಂಡಾರದ ಡಬ್ಬಿ ತೆಗೆದ. ಆ ಪ್ರಸಾದದ ಅರಿಶಿನ ಮುಟ್ಟಿ ಸುಳ್ಳು ಹೇಳುವ ಧೈರ್ಯ ಹಮಾಲರಲ್ಲಿ ಯಾರಿಗೂ ಇಲ್ಲ. "ಮುಟ್ಟಿ ಖರೇ ಹೇಳ್ರಿ," ಎಂದ.

ಹಡಗಿನ ತಂಡದ ನಾಯಕ ಇದೇನೋ ಸತ್ಕಾರವೆಂದುಕೊಂಡ. ಆ ಅರಿಶಿನವನ್ನು ಹಣೆ, ಮೂಗು, ಗಲ್ಲಕ್ಕೆಲ್ಲ ಬಳಿದುಕೊಂಡು ಕೈಮುಗಿದ.

"ಪಾಪ, ಇವಂಗ ಏನೂ ಗೊತ್ತಿಲ್ಲ. ಇವನ ಆಣಿ ಲೆಕ್ಕಕ್ಕಿಲ್ಲ," ಎಂದ ಯಮನೂರಪ್ಪ ಡಬ್ಬಿಯನ್ನು ಚಂದಪ್ಪನ ಮುಂದೆ ಹಿಡಿದ.

"ಕೈ ಹಸಿ ಅದಾವು ಮಾಮಾ."

"ಒರಸ್ಕೊ."

"ಉಸುಕ ಹತ್ತೇತಿ."

"ಜಾಡಿಸ್ಕೊ."

ಚಂದಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಯಮನೂರಪ್ಪ ಬಿಸಿ ರೊಟ್ಟಿಯನ್ನು ನೆನೆದು ಉಗುಳು ನುಂಗಿ, "ಗೋಲು ಆಗೇತಿ," ಎಂದ.

ಮನೆಯಲ್ಲಿ ಅವನ ತಟ್ಟೆಗೆ ಎರಡು ಒಣ ಪಾವ್ ಬಿದ್ದವು. ಪಕ್ಕದಲ್ಲಿ ಚಂದಪ್ಪ ಅಳುಮೋರೆ ಮಾಡಿಕೊಂಡು, "ಖರೇನ ಹೊರಗ ಹೋಗಿತ್ತಬೇ ಅಕ್ಕಾ," ಎನ್ನುತ್ತಿದ್ದ. ಸುಂದರವ್ವ ತಮ್ಮನ ತಟ್ಟೆಗೆ ಬಿಸಿ ರೊಟ್ಟಿ ಹಾಕಿದಳು. ಅವನು ಕೈ ಹಚ್ಚುವ ಮೊದಲೇ ಭಂಡಾರದ ಡಬ್ಬಿ ತಂದು ಎದುರಿಗಿಟ್ಟಳು.

"ನನ್ನ ಮುಂದ ಇದನ್ನ ಮುಟ್ಟಿ ಹೇಳಪಾ. ಆಮ್ಯಾಲ ಉಣ್ಣು."

ಚಂದಪ್ಪ ಡಬ್ಬಿ ನೋಡಿದ, ರೊಟ್ಟಿ ನೋಡಿದ. ಆಮೇಲೆ ತನ್ನ ತಟ್ಟೆಯನ್ನು ಯಮನೂರಪ್ಪನ ಕಡೆ ಸರಿಸಿ, ಅವನ ತಟ್ಟೆಯ ಪಾವ್ ಮುರಿಯತೊಡಗಿದ.